ಚಕ್ರದೊಳಗಿನ ಸಣ್ಣ ಬಳೆ: ಲಘು ವಿಮಾನದ ಗ್ರೀಸ್ ಸೀಲ್ ಬದಲಾಯಿಸುವ ಪಾಠ



ಸಿದ್ಧಾರ್ಥನಗರದಲ್ಲಿ ಇರುವ ನಮಗೆ ಆಕಾಶದ ಸದ್ದು ಹೊಸದೇನಲ್ಲ. ದಸರಾ ಸಮಯದಲ್ಲಿ ಲಲಿತಮಹಲ್ ಹತ್ತಿರದ ಹೆಲಿಪ್ಯಾಡಿನಿಂದ ಹೆಲಿಕಾಪ್ಟರ್ ಎದ್ದರೆ ಮಕ್ಕಳೆಲ್ಲ ಮಹಡಿ ಹತ್ತುತ್ತಾರೆ. ಚಾಮುಂಡಿ ಬೆಟ್ಟದ ಆ ಕಡೆ, ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣವಿದೆ. 1940ರ ದಶಕದಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ್ದ ಅದು ಹೊಸ ರೂಪ ಪಡೆದು 2010ರಲ್ಲಿ ಮತ್ತೆ ತೆರೆಯಿತು. ಪೈಲಟ್ ಆಗಲು ಕಲಿಯುವವರ ಚಿಕ್ಕ ವಿಮಾನಗಳೂ ಅಲ್ಲಿಂದ ಹಾರುತ್ತವೆ. ನಮ್ಮ ಭಾನುವಾರದ ತರಬೇತಿಗೆ ಬರುವ ಐಟಿಐ ಹುಡುಗರು ಆ ವಿಮಾನ ನೋಡಿದಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸಿಸ್ಟರ್, ಅದ್ರಲ್ಲಿ ನಮಗೆ ಏನಾದ್ರೂ ಕೆಲಸ ಸಿಗುತ್ತಾ?"

ಓಡಿಸುವ ಕೆಲಸ ಎಲ್ಲರಿಗೂ ಸಿಗುವುದಿಲ್ಲ, ಅದಕ್ಕೆ ಬೇಕಾಗುವ ಹಣ ನಮ್ಮ ಮನೆಗಳಲ್ಲಿ ಇಲ್ಲ. ಆದರೆ ಒಂದು ವಿಮಾನ ಹಾರಬೇಕಾದರೆ ನೆಲದ ಮೇಲೆ ಕೈ ಮಸಿ ಮಾಡಿಕೊಳ್ಳುವವರು ಬೇಕೇ ಬೇಕು. ಅವರು ಮಾಡುವ ಕೆಲಸಗಳಲ್ಲಿ ತೀರಾ ಚಿಕ್ಕದೊಂದನ್ನು ಈ ಸಲದ ಪಾಠಕ್ಕೆ ಆರಿಸಿಕೊಂಡಿದ್ದೇನೆ. ಚಕ್ರದ ಗ್ರೀಸ್ ಸೀಲ್ ಬದಲಾಯಿಸುವುದು. ನಾನು ಓದಿದ್ದು ಸಮಾಜಕಾರ್ಯ, ಮೆಕ್ಯಾನಿಕ್ ಕೆಲಸ ಅಲ್ಲ. ವಿಮಾನ ದುರಸ್ತಿಯಲ್ಲೇ ಜೀವನ ಕಳೆದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ತರಗತಿಗೆ ಬಂದು ಕಲಿಸಿದರು. ನಾವೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುವುದು. ಹುಡುಗರ ಜೊತೆ ಬೆಂಚಿನ ಮೇಲೆ ಕೂತು ನಾನೂ ಕಲಿತೆ.

ನಾನು ಯಾಕೆ ಅಷ್ಟು ಆಸಕ್ತಿಯಿಂದ ಕೂತೆ ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಜೀಪಿನ ಕಥೆ

ಹಲವು ವರ್ಷಗಳ ಹಿಂದೆ ಮಲೆ ಮಹದೇಶ್ವರ ಬೆಟ್ಟದ ಕಡೆ ಸಂಘಗಳ ಸಭೆ ಮುಗಿಸಿ ಹಳೆಯ ಜೀಪಿನಲ್ಲಿ ಕೆಳಗೆ ಬರುತ್ತಿದ್ದೆವು. ಡ್ರೈವರ್ ಬಿಟ್ಟರೆ ಉಳಿದವರೆಲ್ಲ ಹೆಂಗಸರು, ಒಬ್ಬಾಕೆಯ ಮಡಿಲಲ್ಲಿ ಕೂಸು. ತಾಳಬೆಟ್ಟ ಇನ್ನೂ ದೂರವಿತ್ತು. ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಜೀಪು ಒಂದೇ ಪಕ್ಕಕ್ಕೆ ಎಳೆಯಿತು. ಮುಂದಿನ ತಿರುವಿನಲ್ಲಿ ಇನ್ನೂ ಜೋರಾಗಿ ಎಳೆಯಿತು. ಸುಟ್ಟ ವಾಸನೆ ಬೇರೆ. ಡ್ರೈವರ್ ಅಣ್ಣ ಗಾಬರಿ ತೋರಿಸದೆ ಗೇರ್ ಇಳಿಸಿ, ಗುಡ್ಡದ ಬದಿಗೆ ಒತ್ತಿಸಿ ನಿಲ್ಲಿಸಿದರು. ಇನ್ನೊಂದು ಬದಿಯಲ್ಲಿ ಏನಿತ್ತು ಅನ್ನುವುದು ಆ ದಾರಿ ಕಂಡವರಿಗೆ ಗೊತ್ತು.

ಬಿಚ್ಚಿ ನೋಡಿದಾಗ ಮುಂದಿನ ಚಕ್ರದ ಗ್ರೀಸ್ ಎಲ್ಲ ಕರಗಿ ಬ್ರೇಕ್ ಲೈನಿಂಗ್ ಮೇಲೆ ಇಳಿದಿತ್ತು. ಹಿಂದಿನ ತಿಂಗಳಷ್ಟೇ ಆ ಚಕ್ರದ ಕೆಲಸ ಮಾಡಿಸಿದ್ದೆವು. ಬಿಲ್ಲಿನಲ್ಲಿ "ಸೀಲ್ ಹೊಸದು" ಎಂದು ಬರೆದಿತ್ತು, ಒಳಗೆ ಇದ್ದದ್ದು ಹಳೆಯದೇ. ಒರೆಸಿ ವಾಪಸು ಹಾಕಿದ್ದರು. ಆ ಗ್ಯಾರೇಜಿನವರನ್ನು ಬೈಯುವುದು ಸುಲಭ. ಆದರೆ ಬಿಲ್ ನೋಡಿ, "ಇಷ್ಟೆಲ್ಲಾ ಯಾಕಪ್ಪಾ, ಸ್ವಲ್ಪ ಕಡಿಮೆ ಮಾಡು" ಅಂತ ಚೌಕಾಸಿ ಮಾಡಿ ದುಡ್ಡು ಇಳಿಸಿದವಳು ನಾನೇ. ಉಳಿತಾಯ ಮಾಡಿದೆ ಅಂದುಕೊಂಡಿದ್ದೆ. ಹಳೆಯ ಸಾಮಾನು ತೋರಿಸು ಅಂತ ಒಂದು ಮಾತು ಕೇಳಿರಲಿಲ್ಲ.

ಜೀಪು ಕೆಟ್ಟರೆ ಬದಿಗೆ ನಿಲ್ಲಿಸಬಹುದು. ವಿಮಾನದ ಚಕ್ರ ಕೆಟ್ಟಿದೆ ಅನ್ನುವುದು ಎಷ್ಟೋ ಸಲ ನೆಲ ಮುಟ್ಟುವ ಗಳಿಗೆಯಲ್ಲೇ ಗೊತ್ತಾಗುವುದು.

ಸೀಲ್ ಅಂದ್ರೆ ಏನು?

ಅಡುಗೆಮನೆಯಿಂದ ಶುರು ಮಾಡೋಣ. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ಎಲ್ಲರಿಗೂ ಗೊತ್ತು. ಅದು ಸಡಿಲವಾದರೆ ಆವಿ ಹೊರಗೆ ಹೋಗುತ್ತದೆ, ಬೇಳೆ ಬೇಯುವುದಿಲ್ಲ. ಗ್ರೀಸ್ ಸೀಲ್ ಕೂಡ ಅದೇ ಜಾತಿಯದು, ಆದರೆ ಒಂದು ವ್ಯತ್ಯಾಸವಿದೆ. ಕುಕ್ಕರ್ ಗ್ಯಾಸ್ಕೆಟ್ ಕೂತಲ್ಲೇ ಕೂತಿರುತ್ತದೆ, ಅದನ್ನು ಬಿಗಿಯಾಗಿ ಒತ್ತಬಹುದು. ಗ್ರೀಸ್ ಸೀಲ್ ಇರುವುದು ತಿರುಗುವ ಚಕ್ರಕ್ಕೂ ತಿರುಗದ ಆಕ್ಸಲಿಗೂ ನಡುವೆ. ಬಿಗಿಯಾದರೆ ಉಜ್ಜಿ ಬಿಸಿಯಾಗುತ್ತದೆ, ಸಡಿಲವಾದರೆ ಗ್ರೀಸ್ ಹೊರಗೆ, ಧೂಳು ನೀರು ಒಳಗೆ. ಮೆತ್ತಗೆ ತಾಗಿಕೊಂಡಿರಬೇಕು, ಅಷ್ಟೇ.

ತರಬೇತಿ ಶಾಲೆಗಳಲ್ಲಿ ಹೆಚ್ಚಾಗಿ ಕಾಣುವ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳಿ. ನಾಲ್ಕು ಸೀಟಿನದು, ತುಂಬಿದಾಗ ತೂಕ ಸುಮಾರು 1,100 ಕಿಲೋ. ಅದರ ಚಕ್ರ ನೋಡಿದರೆ ನಿಮಗೆ ನಗು ಬರುತ್ತದೆ, ಹೆಚ್ಚುಕಡಿಮೆ ಸ್ಕೂಟರ್ ಚಕ್ರದಷ್ಟೇ. ಗಾಳಿಯಲ್ಲಿ ಸುಮ್ಮನೆ ನಿಂತಿರುವ ಆ ಚಕ್ರ ನೆಲ ಮುಟ್ಟಿದ ಕ್ಷಣದಲ್ಲೇ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಏರಬೇಕು. ಲೆಕ್ಕ ಹಾಕಿದರೆ ನಿಮಿಷಕ್ಕೆ ಸಾವಿರಕ್ಕೂ ಮೇಲ್ಪಟ್ಟ ಸುತ್ತು. ಈ ತಿರುಗಾಟವನ್ನೆಲ್ಲ ಹೊರುವುದು ಒಳಗಿರುವ ಎರಡು ಓರೆ ರೋಲರ್ ಬೇರಿಂಗ್‌ಗಳು. ಬೇರಿಂಗನ್ನು ಕಾಯುವುದು ಗ್ರೀಸ್. ಗ್ರೀಸನ್ನು ಕಾಯುವುದು ಈ ಸೀಲ್.

ಸೀಲ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಹಳೆಯ ಬಗೆಯಲ್ಲಿ ಎರಡು ತೆಳು ಉಕ್ಕಿನ ಬಳೆಗಳು, ನಡುವೆ ಒಂದು ಫೆಲ್ಟ್ ಬಳೆ. ಫೆಲ್ಟ್ ಅಂದರೆ ನೇಯದೆ ಒತ್ತಿ ಮಾಡಿದ ಉಣ್ಣೆ. ಈ ಮೂರನ್ನೂ ಹೊರಗಿನಿಂದ ಒಂದು ಲಾಕ್ ರಿಂಗ್ ಹಿಡಿದುಕೊಂಡಿರುತ್ತದೆ. ನಮ್ಮ ಗ್ಯಾರೇಜ್ ಹುಡುಗರು ಇದನ್ನೇ ಸರ್ಕ್ಲಿಪ್ ಅನ್ನುತ್ತಾರೆ. ಹೊಸ ಬಗೆಯದು ಒಂದೇ ತುಂಡಾಗಿ ಅಚ್ಚು ಹಾಕಿದ ರಬ್ಬರ್ ಸೀಲ್. ಯಾವ ಚಕ್ರಕ್ಕೆ ಯಾವುದು ಅನ್ನುವುದನ್ನು ಚಕ್ರ ಮಾಡಿದ ಕಂಪನಿಯ ಪುಸ್ತಕ ಹೇಳುತ್ತದೆ, ಬೇರೆ ಯಾರೂ ಹೇಳುವ ಹಾಗಿಲ್ಲ.

ಯಾವಾಗ ಬಿಚ್ಚಬೇಕು?

ಸೆಸ್ನಾ ಕಂಪನಿಯ ದುರಸ್ತಿ ಪುಸ್ತಕದ ಪ್ರಕಾರ ಚಕ್ರದ ಬೇರಿಂಗಿಗೆ ಮೊದಲ 100 ಗಂಟೆ ಹಾರಾಟಕ್ಕೆ ಒಮ್ಮೆ, ಆಮೇಲೆ ಪ್ರತಿ 500 ಗಂಟೆಗೆ ಒಮ್ಮೆ ಗ್ರೀಸ್ ಹಾಕಬೇಕು. ಆದರೆ ಧೂಳಿನ ಜಾಗ, ಸಮುದ್ರ ತೀರ, ನೆಲದ ಮೇಲೆ ಬಹಳ ಓಡಾಟ, ಮೇಲಿಂದ ಮೇಲೆ ಇಳಿಯುವುದು ಏರುವುದು, ಇಂಥ ಕಡೆ 100 ಗಂಟೆಗೇ ಮಾಡಬೇಕು ಎನ್ನುತ್ತದೆ ಅದೇ ಪುಸ್ತಕ. ತರಬೇತಿ ವಿಮಾನ ಅಂದರೆ ಇದೇ ತಾನೇ! ಕಲಿಯುವವರು ಒಂದೇ ಗಂಟೆಯಲ್ಲಿ ಎಷ್ಟೋ ಸಲ ಇಳಿದು ಏಳುತ್ತಾರೆ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಆ ಗಂಟೆಗಳ ಏಟೆಲ್ಲ ಬೀಳುವುದು ಆ ಪುಟ್ಟ ಚಕ್ರಗಳ ಮೇಲೆ. ಬೆಂಗಳೂರಿನ ಜಕ್ಕೂರಿನಲ್ಲಿ 1948ರಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ ಶುರುವಾದ ಕಾಲದಿಂದಲೂ ನಮ್ಮ ರಾಜ್ಯದಲ್ಲಿ ಯಾರೋ ಒಬ್ಬರು ಹ್ಯಾಂಗರಿನ ನೆಲದಲ್ಲಿ ಕೂತು ಈ ಗ್ರೀಸ್ ತೊಳೆಯುತ್ತಲೇ ಬಂದಿದ್ದಾರೆ. ಅವರ ಫೋಟೋ ಪೇಪರಿನಲ್ಲಿ ನಾನಂತೂ ನೋಡಿಲ್ಲ.

ಇನ್ನೊಂದು ಮಾತು. ವಿಮಾನ ತೊಳೆಯುವಾಗ ಜೋರಾದ ನೀರಿನ ಪೈಪನ್ನು ಚಕ್ರದ ನಡುಭಾಗಕ್ಕೆ ಹಿಡಿಯಬಾರದು. ಎಷ್ಟು ಒಳ್ಳೆಯ ಸೀಲ್ ಆದರೂ ಆ ರಭಸಕ್ಕೆ ನೀರು ಒಳಗೆ ನುಗ್ಗುತ್ತದೆ. ಒಳಗೆ ಹೋದ ನೀರು ಬೇರಿಂಗಿನಲ್ಲಿ ತುಕ್ಕು ಹಿಡಿಸುತ್ತದೆ. ನಿಮ್ಮ ಬೈಕು, ಆಟೋ ತೊಳೆಯುವಾಗಲೂ ಇದನ್ನು ನೆನಪಿಡಿ.

ಕೆಲಸದ ಕ್ರಮ

ಹಾರಾಟಕ್ಕೆ ಯೋಗ್ಯವಲ್ಲ ಎಂದು ತೆಗೆದುಹಾಕಿದ್ದ ಒಂದು ಹಳೆಯ ಚಕ್ರವನ್ನು ಮೇಷ್ಟ್ರು ಚೀಲದಲ್ಲಿ ತಂದಿದ್ದರು. ಹಳೆಯ ಬಗೆಯ, ಫೆಲ್ಟ್ ಸೀಲಿನ ಚಕ್ರ. ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿಸಿದರು. "ಕೊಳೆ ಕಾಣಬೇಕು, ಅದಕ್ಕೇ ಬಿಳೀದು" ಅಂದರು.

ಮೊದಲನೆಯ ಮಾತನ್ನು ಅವರು ಮೂರು ಸಲ ಹೇಳಿದರು, ನಾನೂ ಒತ್ತಿ ಬರೆಯುತ್ತೇನೆ. ಈ ಚಕ್ರ ಎರಡು ಹೋಳಾಗಿರುತ್ತದೆ, ಬೋಲ್ಟ್ ಹಾಕಿ ಸೇರಿಸಿರುತ್ತಾರೆ. ಟೈರಿನಲ್ಲಿ ಗಾಳಿ ಇರುವಾಗ ಆ ಬೋಲ್ಟ್ ಬಿಚ್ಚಿದರೆ ಹೋಳುಗಳು ಸಿಡಿಯುತ್ತವೆ, ಕೈ ಮುಖ ಯಾವುದೂ ಉಳಿಯುವುದಿಲ್ಲ. ಸೀಲ್ ಮಾತ್ರ ಬದಲಿಸುವುದಾದರೆ ಹೋಳು ಬೇರೆ ಮಾಡುವ ಅಗತ್ಯವೇ ಬರುವುದಿಲ್ಲ, ಸೀಲ್ ಹೊರಗಿನಿಂದಲೇ ಬರುತ್ತದೆ. ಆದರೂ ಗಾಳಿ ಪೂರ್ತಿ ಬಿಟ್ಟ ಮೇಲೆಯೇ ಚಕ್ರಕ್ಕೆ ಕೈ ಹಾಕಿ.

ವಿಮಾನವನ್ನು ಜಾಕ್ ಕೊಟ್ಟು ಎತ್ತಿ, ಉಳಿದ ಚಕ್ರಗಳಿಗೆ ಅಡ್ಡ ಕಟ್ಟೆ ಕೊಟ್ಟು, ಬ್ರೇಕಿನ ಹಿಂಬದಿಯ ಪ್ಲೇಟ್ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ಆಕ್ಸಲ್ ನಟ್ ಬಿಚ್ಚಿದರೆ ಚಕ್ರ ಕೈಗೆ ಬರುತ್ತದೆ. ಲಾಕ್ ರಿಂಗ್ ತೆಗೆದರೆ ಉಕ್ಕಿನ ಬಳೆ, ಫೆಲ್ಟ್, ಇನ್ನೊಂದು ಬಳೆ, ಆಮೇಲೆ ಬೇರಿಂಗ್. ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು. ಎಡಗಡೆಯದು ಎಡಕ್ಕೆ, ಬಲಗಡೆಯದು ಬಲಕ್ಕೆ. ಬೇರಿಂಗೂ ಅದು ಕೂರುವ ಬಟ್ಟಲೂ ಒಂದಕ್ಕೊಂದು ಸವೆದು ಹೊಂದಿಕೊಂಡಿರುತ್ತವೆ, ಅದಲು ಬದಲು ಮಾಡಬಾರದು.

ಬೇರಿಂಗನ್ನು ಶುದ್ಧವಾದ ಸಾಲ್ವೆಂಟಿನಲ್ಲಿ ತೊಳೆಯುವುದು. ಪೆಟ್ರೋಲ್ ಬೇಡವೇ ಬೇಡ, ಬೆಂಕಿಯ ಅಪಾಯ. ಒಬ್ಬ ಹುಡುಗ ಗಾಳಿಯ ಪೈಪ್ ಹಿಡಿದು ಬೇರಿಂಗನ್ನು ಗಿರಗಿರ ತಿರುಗಿಸಲು ಹೋದ, ಗ್ಯಾರೇಜಿನಲ್ಲಿ ಎಲ್ಲರೂ ಆಡುವ ಆಟ. ಮೇಷ್ಟ್ರು ಕೈ ಹಿಡಿದರು. ಗ್ರೀಸ್ ಇಲ್ಲದೆ ಆ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳು, ರೋಲರ್ ಕಳಚಿ ಹಾರಿದರೆ ಕಣ್ಣು ಹಾಳು. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಬೇಕು. ನೀಲಿ ಅಥವಾ ಕಂದು ಬಣ್ಣ ತಿರುಗಿದ್ದರೆ ಬಿಸಿಯಾಗಿದೆ ಅಂತ ಅರ್ಥ. ಸಣ್ಣ ಗುಳಿ, ತುಕ್ಕಿನ ಚುಕ್ಕೆ ಕಂಡರೆ ನೀರು ಹೋಗಿದೆ. ಅಂಥ ಬೇರಿಂಗಿಗೆ ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ, ಅದನ್ನೇ ಬದಲಾಯಿಸಬೇಕು.

ಇನ್ನು ಗ್ರೀಸ್. ಡಬ್ಬಿಯಲ್ಲಿ ಇರುವುದೆಲ್ಲ ಗ್ರೀಸೇ, ಯಾವುದಾದರೇನು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲವಂತೆ. ಲಾರಿ, ಟ್ರ್ಯಾಕ್ಟರಿಗೆ ಹಾಕುವುದು ಹೆಚ್ಚಾಗಿ ಲಿಥಿಯಂ ಸಾಬೂನಿನಿಂದ ಗಟ್ಟಿ ಮಾಡಿದ ಗ್ರೀಸ್. ವಿಮಾನದ ಚಕ್ರಕ್ಕೆ ಹಾಕುವ ಏರೋಶೆಲ್ 22, ಮೊಬಿಲ್ ಗ್ರೀಸ್ 28 ಇವು ಒಂದು ಬಗೆಯ ಜೇಡಿಯಿಂದ ಗಟ್ಟಿ ಮಾಡಿದವು. ಈ ಎರಡು ಜಾತಿ ಬೆರೆತರೆ ಗ್ರೀಸ್ ತನ್ನ ಹದ ಕಳೆದುಕೊಂಡು ನೀರಾಗುತ್ತದೆ. ಮೃದುವಾದ ಗ್ರೀಸನ್ನು ಯಾವ ಸೀಲೂ ತಡೆಯಲಾರದು. ಹಾಗಾಗಿ ಹಳೆಯದನ್ನು ಪೂರ್ತಿ ತೆಗೆದೇ ಹೊಸದನ್ನು ತುಂಬಬೇಕು. ತುಂಬುವ ರೀತಿ ನಮ್ಮ ಹೆಂಗಸರಿಗೆ ಬೇಗ ಬರುತ್ತದೆ: ಎಡ ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ದಪ್ಪ ಬದಿಯನ್ನು ಅದಕ್ಕೆ ಒತ್ತುತ್ತಾ ಹೋದರೆ ರೋಲರುಗಳ ನಡುವಿನಿಂದ ಗ್ರೀಸ್ ಮೇಲೆ ಉಕ್ಕುತ್ತದೆ, ಚಕ್ಕುಲಿ ಒರಳಿನಿಂದ ಹಿಟ್ಟು ಬಂದ ಹಾಗೆ. ಬಟ್ಟಲಿಗೆ ತೆಳುವಾಗಿ ಸವರಿದರೆ ಸಾಕು. ಚಕ್ರದ ಒಳಗೆಲ್ಲ ತುಂಬಿಬಿಟ್ಟರೆ ಬಿಸಿಯಾದಾಗ ಅದು ಸೀಲ್ ದಾಟಿ ಬ್ರೇಕಿಗೆ ಇಳಿಯುತ್ತದೆ, ನಮ್ಮ ಜೀಪಿನ ಕಥೆ ಅಲ್ಲೂ ಆಗುತ್ತದೆ.

ಈಗ ಸೀಲಿನ ಸರದಿ. ಹಳೆಯ ಫೆಲ್ಟನ್ನು ಬೆರಳಲ್ಲಿ ಉಜ್ಜಿ ನೋಡಿ. ಗಟ್ಟಿಯಾಗಿದ್ದರೆ, ಹೊಳಪು ಬಂದಿದ್ದರೆ, ಮರಳು ತಾಗಿದರೆ ಅದು ಬೇಡ. ಮರಳು ಕೂತ ಫೆಲ್ಟ್ ಉಪ್ಪು ಕಾಗದದ ಕೆಲಸ ಮಾಡುತ್ತದೆ. ಹೊಸ ಫೆಲ್ಟನ್ನು ಒಣದಾಗಿ ಹಾಕುವಂತಿಲ್ಲ, ತೆಳುವಾದ ಎಣ್ಣೆಯಲ್ಲಿ ನೆನೆಸಿ ಹಾಕಬೇಕು. ಒಣ ಫೆಲ್ಟ್ ಗ್ರೀಸಿನೊಳಗಿನ ಎಣ್ಣೆಯನ್ನೇ ಹೀರಿಕೊಳ್ಳುತ್ತದೆ, ತಿರುಗುವಾಗ ಕರಕಲಾಗುತ್ತದೆ. ಉಕ್ಕಿನ ಬಳೆ ಬಾಗಿದ್ದರೆ ಬಡಿದು ನೆಟ್ಟಗೆ ಮಾಡುವುದಲ್ಲ, ಬದಲಿಸುವುದು. ಬಳೆ, ಫೆಲ್ಟ್, ಬಳೆ, ಕೊನೆಗೆ ಲಾಕ್ ರಿಂಗ್. ಲಾಕ್ ರಿಂಗ್ ತನ್ನ ಗಾಡಿಯಲ್ಲಿ ಸುತ್ತಲೂ ಕೂತಿದೆಯಾ ಅಂತ ಸ್ವಲ್ಪ ತಿರುಗಿಸಿ ನೋಡಬೇಕು. ಮುಕ್ಕಾಲು ಕೂತು ಕಾಲು ಭಾಗ ಎದ್ದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ.

ಚಕ್ರವನ್ನು ಆಕ್ಸಲಿಗೆ ಏರಿಸಿದ ಮೇಲೆ ನಟ್ ಬಿಗಿ ಮಾಡುವುದೂ ಸೀಲಿನ ಕೆಲಸಕ್ಕೇ ಸೇರಿದ್ದು. ಚಕ್ರ ತಿರುಗಿಸುತ್ತಲೇ ನಟ್ ಬಿಗಿಸಿ, ಸ್ವಲ್ಪ ಹಿಡಿತ ಬಂದಾಗ ಪುಸ್ತಕ ಹೇಳಿದಷ್ಟು ಹಿಂದೆ ಬಿಟ್ಟು ಪಿನ್ನಿನ ತೂತಿಗೆ ಹೊಂದಿಸುವುದು. ಸ್ಪ್ಲಿಟ್ ಪಿನ್ ಹೊಸದೇ ಇರಬೇಕು. ನಟ್ ಬಿಗಿಯಾದರೆ ಬೇರಿಂಗ್ ಸುಡುತ್ತದೆ. ಸಡಿಲವಾದರೆ ಚಕ್ರ ಅಲ್ಲಾಡಿ ಸೀಲ್ ಒಂದೇ ಕಡೆ ಸವೆಯುತ್ತದೆ. ಬ್ರೇಕ್ ಡಿಸ್ಕಿನ ಮೇಲೆ ಬೆರಳಿನ ಗ್ರೀಸ್ ಗುರುತೂ ಉಳಿಯದ ಹಾಗೆ ಒರೆಸಬೇಕು.

ಕಂಬಳಿಯ ತುಂಡು

ಈಗ ನನ್ನ ಮನಸ್ಸಿನಲ್ಲಿ ಇನ್ನೂ ಉಳಿದಿರುವ ವಿಷಯ. ಮೇಷ್ಟ್ರು ಊಟಕ್ಕೆ ಹೋದಾಗ ಒಬ್ಬ ಹುಡುಗ, ಕೈಯಲ್ಲಿ ಬಹಳ ಕೆಲಸ ಇರುವವನು, ಹಳೆಯ ಕಂಬಳಿಯ ಅಂಚಿನಿಂದ ಒಂದು ಬಳೆ ಕತ್ತರಿಸಿ ಫೆಲ್ಟಿನ ಜಾಗದಲ್ಲಿ ಕೂರಿಸಿದ. ಅಳತೆ ಎಷ್ಟು ಚೆನ್ನಾಗಿತ್ತು ಅಂದರೆ ನೋಡಿದವರಿಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. "ಅದೂ ಉಣ್ಣೆ, ಇದೂ ಉಣ್ಣೆ ಸಿಸ್ಟರ್. ಅದಕ್ಕೆ ಯಾಕೆ ಅಷ್ಟು ದುಡ್ಡು ಕೊಡ್ಬೇಕು?" ಅಂದ.

ನನಗೆ ಹೆಮ್ಮೆಯೇ ಆಯಿತು, ಸುಳ್ಳು ಹೇಳಲಾರೆ. ಇರುವುದರಲ್ಲೇ ಸರಿಮಾಡಿಕೊಳ್ಳಿ ಅಂತ ಮೂವತ್ತು ವರ್ಷದಿಂದ ಜನರಿಗೆ ಹೇಳಿಕೊಂಡು ಬಂದವಳು ನಾನು. ನಮ್ಮ ಬಡವರ ಮನೆಗಳು ನಡೆಯುತ್ತಿರುವುದೇ ಈ ಜಾಣತನದ ಮೇಲೆ. ಮೇಷ್ಟ್ರು ಬಂದು ನೋಡಿದರು, ಬೈಯಲಿಲ್ಲ. ಕಂಬಳಿಯ ಬಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಅದು ನೇಯ್ದ ಬಟ್ಟೆ, ಎಳೆ ಬಿಚ್ಚಿ ಬಂತು. ಆ ಎಳೆ ಬೇರಿಂಗಿನೊಳಗೆ ಹೋದರೆ ಏನಾಗುತ್ತದೆ ಅಂತ ಹುಡುಗನನ್ನೇ ಕೇಳಿದರು. ಅವನೇ ಉತ್ತರ ಹೇಳಿದ.

ಆಮೇಲೆ ಅವರು ಹೇಳಿದ್ದು ಕಾಗದದ ವಿಷಯ. ವಿಮಾನಕ್ಕೆ ಹಾಕುವ ಪ್ರತಿಯೊಂದು ಬಿಡಿಭಾಗಕ್ಕೂ ಅದು ಎಲ್ಲಿಂದ ಬಂತು, ಯಾರು ಪರೀಕ್ಷಿಸಿದರು ಅನ್ನುವ ಪತ್ರ ಇರಬೇಕು. ಹಾಕಿದ ಮೇಲೆ ಯಾವ ನಂಬರಿನ ಸೀಲ್, ಯಾವ ದಿನ, ಎಷ್ಟು ಗಂಟೆ ಹಾರಿದ ಮೇಲೆ ಅಂತ ಲಾಗ್ ಪುಸ್ತಕದಲ್ಲಿ ಬರೆದು, ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕಬೇಕು. ಅಮೆರಿಕದಲ್ಲಿ ಸ್ವಂತ ಲಘು ವಿಮಾನ ಇಟ್ಟುಕೊಂಡ ಪೈಲಟ್ ತನ್ನ ಚಕ್ರದ ಬೇರಿಂಗನ್ನು ತಾನೇ ತೊಳೆದು ಗ್ರೀಸ್ ಹಾಕಲು ಅಲ್ಲಿನ ಕಾನೂನು ಬಿಡುತ್ತದೆ, ಆದರೆ ಅವನೂ ಬರೆದು ಸಹಿ ಮಾಡಲೇಬೇಕು. ಅಲ್ಲಿ ಹಾರುವವನು ಅವನೇ. ತರಬೇತಿ ಶಾಲೆಯಲ್ಲಿ ಹಾಗಲ್ಲ, ಸೀಲ್ ಹಾಕಿದವನು ನೆಲದ ಮೇಲೆ, ಹಾರುವುದು ಬೇರೆಯವರ ಮನೆಯ ಮಗ ಅಥವಾ ಮಗಳು. ಆ ಮಗು ಚಕ್ರ ಬಿಚ್ಚಿ ನೋಡಲಾರದು, ಬರೆದದ್ದನ್ನು ನಂಬಿ ಹತ್ತಿ ಕೂರುತ್ತದೆ. ನಾನು ಜೀಪಿನ ಬಿಲ್ ನಂಬಿದ ಹಾಗೆ.

ಕಲಿಯಬೇಕು ಅನ್ನುವವರಿಗೆ

ವಿಮಾನ ದುರಸ್ತಿ ಎಂಜಿನಿಯರ್, ಅಂದರೆ ಎ.ಎಂ.ಇ. ಓದಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು. ಇಲ್ಲಿ ಪೋಷಕರು ಮೋಸ ಹೋಗುವ ಒಂದು ಜಾಗ ಇದೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಕಾಲೇಜು ಕೊಡುವ ಸರ್ಟಿಫಿಕೇಟೇ ಬೇರೆ, ಸಹಿ ಹಾಕುವ ಅಧಿಕಾರ ಕೊಡುವ ಲೈಸೆನ್ಸೇ ಬೇರೆ. ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಅದರ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಬೇಕು, ನಿಜವಾದ ವಿಮಾನದ ಮೇಲೆ ಕೆಲಸ ಮಾಡಿದ ಅನುಭವ ತೋರಿಸಬೇಕು. ಸಾಲ ಮಾಡಿ ಫೀಸು ಕಟ್ಟುವ ಮೊದಲು ಆ ಸಂಸ್ಥೆಗೆ ಡಿಜಿಸಿಎ ಮಾನ್ಯತೆ ಇದೆಯಾ ಅಂತ ಇಲಾಖೆಯ ಪಟ್ಟಿಯಲ್ಲಿ ನೋಡಿ. ಕಲಿತು ಮುಗಿಸಿದವರಲ್ಲಿ ಎಷ್ಟು ಜನರಿಗೆ ಲೈಸೆನ್ಸ್ ಬಂತು ಅಂತ ಸಂಕೋಚವಿಲ್ಲದೆ ಕೇಳಿ. ಕೇಳುವಾಗ ಮನೆಯವರಲ್ಲಿ ಇಬ್ಬರಾದರೂ ಹೋಗಿ, ಒಬ್ಬರೇ ಹೋದರೆ ಮಾತಿನಲ್ಲಿ ಕಟ್ಟಿಹಾಕುತ್ತಾರೆ.

ಹುಡುಗಿಯರು ಈ ಕೆಲಸಕ್ಕೆ ಬರಬಹುದಾ ಅಂತ ಒಬ್ಬ ತಾಯಿ ಕೇಳಿದರು. ಅವರು ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುವವರು. ಅವರ ಮಗಳು ಅಂದಿನ ತರಗತಿಯಲ್ಲಿದ್ದಳು. ಎಲ್ಲರಿಗಿಂತ ಬೇಗ ಚಕ್ರ ಜೋಡಿಸಿ, ತಿರುಗಿಸಿ ತೋರಿಸಿದ್ದಳು. ಸದ್ದಿಲ್ಲ, ಅಲ್ಲಾಟವಿಲ್ಲ. ಮೇಷ್ಟ್ರು "ಭೇಷ್" ಅಂದು ಹಾಳೆಯಲ್ಲಿ ಸಹಿ ಮಾಡಲು ಪೆನ್ನು ತೆಗೆದರು. ಆಕೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಸಾರ್, ಒಳಗಡೆ ಫೆಲ್ಟನ್ನ ಎಣ್ಣೇಲಿ ನೆನೆಸಿದ್ನೋ ಇಲ್ವೋ ನೆನಪಾಗ್ತಿಲ್ಲ" ಅಂದಳು.

ಮೇಷ್ಟ್ರು ಪೆನ್ನು ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಸಂಜೆ ಐದೂವರೆ, ಬಸ್ಸಿನ ಹೊತ್ತು. ಉಳಿದ ಹುಡುಗರು ಚೀಲ ತಗಲಿಸಿಕೊಂಡು ನಿಂತಿದ್ದರು. ಆಕೆ ಬಿಳಿ ಬಟ್ಟೆಯನ್ನು ಮತ್ತೆ ಹಾಸಿ, ನಟ್ಟಿನಿಂದ ಶುರು ಮಾಡಿ ಎಲ್ಲವನ್ನೂ ಬಿಚ್ಚಿದಳು. ಫೆಲ್ಟ್ ನೆನೆದೇ ಇತ್ತು.